ಚಾಕು ಸಾಕು, ಮಣ್ಣು ಬೇಕು

ಶಿರಸಿ ಕಡೆಯ ತೋಟಿಗರು ಬೆಟ್ಟದಿಂದ ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ಅಡಿಕೆ ಬುಡಕ್ಕೆ ಹಾಕುತ್ತಾರೆ. ಒಳ್ಳೆ ಮಣ್ಣು ಸುಮ್ನೆ ಸಿಗೋದಿಲ್ಲ, ಮಾಡಿಕೊಳ್ಳಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅನ್ಯಗ್ರಹದ ಕತೆ ಬರೆಯುವವರಿಗೆ ಇದು ಹೊಳೆಯೋಕೆ ಬಹಳ ಕಾಲ ಹಿಡಿಯಿತು.

ದೊಡ್ಡವರ ಆಸರೆಯಿಲ್ಲದೆ ಎಳೆಯರು ಬೇರೆ ಗ್ರಹದಲ್ಲಿ ಬದುಕಿ ಉಳಿಯುವ ಕತೆಯ ಬೇರು ಇರೋದು ಸಮುದ್ರದಲ್ಲಿ. 1719ರ ಕಾದಂಬರಿಯ ರಾಬಿನ್ಸನ್ ಕ್ರೂಸೋ ಒಬ್ಬಂಟಿ. 1857ರಲ್ಲಿ ಕಾದಂಬರಿಕಾರ ಬ್ಯಾಲಂಟೈನ್ ತಮ್ಮ ಕತೆಯಲ್ಲಿ ಮೂವರು ಹುಡುಗರನ್ನು ಹವಳದ ದ್ವೀಪಕ್ಕೆ ಕಳಿಸಿದರು. 1888ರಲ್ಲಿ ಜೂಲ್ಸ್ ವರ್ನ್ ಹದಿನೈದು ಹುಡುಗರನ್ನು ಕಳಿಸಿದರು, ಅವರು ಓಟು ಹಾಕಿ ನಾಯಕನನ್ನೂ ಆರಿಸಿಕೊಂಡರು. ದ್ವೀಪ ಅಂದಮೇಲೆ ಗಾಳಿ, ನೀರು, ಮೀನು, ಹಣ್ಣು ಇದ್ದೇ ಇರುತ್ತೆ. ಕಷ್ಟವೆಲ್ಲ ಮನುಷ್ಯರದ್ದೇ.

ಇದನ್ನು ಆಕಾಶಕ್ಕೆ ಎತ್ತಿದವರಲ್ಲಿ ಅಮೆರಿಕದ ರಾಬರ್ಟ್ ಹೈನ್‌ಲೈನ್ ಮುಖ್ಯರು. 1955ರ ‘ಟನಲ್ ಇನ್ ದ ಸ್ಕೈ’ಯಲ್ಲಿ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ: ಗುರುತಿಲ್ಲದ ಗ್ರಹದಲ್ಲಿ ಕೆಲವು ದಿನ ಜೀವ ಉಳಿಸಿಕೊಳ್ಳಬೇಕು. ವಾಪಸ್ ಬರುವ ದಾರಿ ಮುಚ್ಚಿಹೋಗುತ್ತದೆ. ಸೇನೆಯಲ್ಲಿರುವ ಕಥಾನಾಯಕನ ಅಕ್ಕ ಮೊದಲೇ ಬುದ್ಧಿ ಹೇಳಿರುತ್ತಾಳೆ: ಬಂದೂಕು ಬೇಡ, ಅದಿದ್ದರೆ ಧೈರ್ಯ ಜಾಸ್ತಿಯಾಗುತ್ತೆ, ಚಾಕು ತಗೊಂಡು ಹೋಗು. ಅಲ್ಲಿ ಸಾಧುವಾದ ಪೆದ್ದು ಪ್ರಾಣಿಗಳಿರುತ್ತವೆ. ಹುಡುಗರು ಅವನ್ನು ಲೆಕ್ಕಕ್ಕೇ ಇಟ್ಟಿರುವುದಿಲ್ಲ. ವಲಸೆಯ ಕಾಲ ಬಂದಾಗ ಅವೇ ಹಿಂಡುಹಿಂಡಾಗಿ ಮೇಲೆ ಬೀಳುತ್ತವೆ. ಹೊಸ ಜಾಗದಲ್ಲಿ ಒಂದು ಪೂರ್ತಿ ವರ್ಷ ಕಳೆಯದೆ ಏನೂ ಗೊತ್ತಾಗೋದಿಲ್ಲ, ಅಲ್ವಾ? ಈ ಪುಸ್ತಕಕ್ಕೆ ಒಂದು ವರ್ಷ ಮೊದಲಷ್ಟೇ ಕಾದಂಬರಿಕಾರ ಗೋಲ್ಡಿಂಗ್ ‘ಲಾರ್ಡ್ ಆಫ್ ದ ಫ್ಲೈಸ್’ನಲ್ಲಿ, ಮಕ್ಕಳನ್ನು ಅವರಷ್ಟಕ್ಕೆ ಬಿಟ್ಟರೆ ಕಚ್ಚಾಡಿ ಸಾಯುತ್ತಾರೆ ಎಂದು ಬರೆದಿದ್ದರು. ಹೈನ್‌ಲೈನ್ ಮಕ್ಕಳು ಊರು ಕಟ್ಟುತ್ತಾರೆ.

ಆದರೆ ನನಗೆ ಅವರದೇ 1950ರ ‘ಫಾರ್ಮರ್ ಇನ್ ದ ಸ್ಕೈ’ ಹೆಚ್ಚು ಮೆಚ್ಚು. ಮೊದಲು ಅದು ಬಂದದ್ದು ಹುಡುಗರ ಪತ್ರಿಕೆಯಲ್ಲಿ, ಧಾರಾವಾಹಿಯಾಗಿ. ಗುರುಗ್ರಹದ ಚಂದ್ರ ಗ್ಯಾನಿಮೀಡ್‌ನಲ್ಲಿ ಬರೀ ಬಂಡೆ. ಯಂತ್ರದಿಂದ ಬಂಡೆ ಪುಡಿ ಮಾಡಿ ಹರಡಿದರೂ ಏನೂ ಬೆಳೆಯುವುದಿಲ್ಲ, ಅದರಲ್ಲಿ ಜೀವವಿಲ್ಲ. ಸೂಕ್ಷ್ಮಜೀವಿಗಳಿರುವ ಹಸನಾದ ಮಣ್ಣನ್ನು ಬೆರೆಸಬೇಕು. ಪುಸ್ತಕದಲ್ಲಿ ಸಾಹಸಗಳಿಗೇನೂ ಕೊರತೆಯಿಲ್ಲ, ಆದರೆ ಮನಸ್ಸಿನಲ್ಲಿ ಉಳಿಯೋದು ಈ ಮಣ್ಣಿನ ಕೆಲಸ.

1965ರಲ್ಲಿ ಮ್ಯಾರಿನರ್-4 ನೌಕೆ ಮಂಗಳದ ಚಿತ್ರ ಕಳಿಸಿದಾಗ, ಅಲ್ಲಿ ಕಾಲುವೆ, ಹಸಿರು ಇರಬಹುದೆಂಬ ಕನಸೆಲ್ಲ ಮುಗಿಯಿತು. ಕಂಡದ್ದು ಬರೀ ಕುಳಿಗಳು. ಗಾಳಿಯ ಒತ್ತಡ ಭೂಮಿಯ ಶೇ 1ಕ್ಕಿಂತ ಕಡಿಮೆ. ಅಲ್ಲಿಂದ ಮುಂದೆ ಕತೆಗಳಲ್ಲಿ ರಾಕ್ಷಸ ಪ್ರಾಣಿಗಳು ಹಿಂದೆ ಸರಿದು, ಗ್ರಹವೇ ಶತ್ರುವಾಯಿತು. 2008ರಲ್ಲಿ ಇಳಿದ ಫೀನಿಕ್ಸ್ ನೌಕೆ ಇನ್ನೊಂದು ಸುದ್ದಿ ಕೊಟ್ಟಿತು: ಅಲ್ಲಿನ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಲವಣವಿದೆ, ತೂಕದಲ್ಲಿ ಶೇ 0.5ರ ಆಸುಪಾಸು. ಹೊಟ್ಟೆಗೆ ಹೋದರೆ ಥೈರಾಯ್ಡ್ ಕೆಡುತ್ತದೆ.

ಉಪ್ಪಿನ ನೆಲದಲ್ಲಿ ಅನ್ನ ಬೆಳೆಯೋದು ನಮ್ಮ ಕರಾವಳಿಗೆ ಹೊಸದಲ್ಲ. ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ, ಕುಮಟಾ ತಾಲೂಕಿನ ಮಾಣಿಕಟ್ಟಾದಂಥ ಕಡೆ, ಕಗ್ಗ ಎಂಬ ತಳಿಯ ಭತ್ತ ಬೆಳೆಯುತ್ತಾರೆ. ಕಟ್ಟೆ ಹಾಕಿ ಭರತದ ನೀರು ತಡೆಯುತ್ತಾರೆ. ಮಳೆಗಾಲದ ಸಿಹಿನೀರು ಉಪ್ಪಿನ ಅಂಶ ಇಳಿಸುತ್ತದೆ, ಆಗ ಬಿತ್ತನೆ. ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬಿಟ್ಟು ಮೀನು, ಸೀಗಡಿ ಹಿಡಿಯುತ್ತಾರೆ. ಕಟ್ಟೆ ಒಡೆದರೆ ಎಲ್ಲರ ಗದ್ದೆಯೂ ಹೋಯಿತು. ಹಾಗಾಗಿ ಇದು ಒಬ್ಬ ವೀರನ ಕೆಲಸ ಅಲ್ಲ.

ಪರ್ಕ್ಲೋರೇಟ್ ಕೂಡ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ತೊಳೆದು ತೆಗೆಯಬಹುದು. ತೊಂದರೆ ಏನೆಂದರೆ ಮಂಗಳದಲ್ಲಿ ಮಳೆಯಿಲ್ಲ. ಫೀನಿಕ್ಸ್ ನೆಲ ಕೆರೆದಾಗ ಕಂಡ ಮಂಜುಗಡ್ಡೆಯ ಬಿಳಿ ಚೂರುಗಳು ನಾಲ್ಕೇ ದಿನದಲ್ಲಿ ಆವಿಯಾಗಿ ಹೋದವು. ಅಲ್ಲಿಗೆ ಹೋಗುವ ಹುಡುಗ ಹುಡುಗಿಯರ ಕತೆ ಇವತ್ತು ಬರೆಯುವವರು ಮೊದಲು ಮಂಜುಗಡ್ಡೆ ಅಗೆಯಿಸಬೇಕು, ಅದನ್ನು ಮುಚ್ಚಿದ ಕೋಣೆಯಲ್ಲಿ ಕರಗಿಸಬೇಕು, ಆಮೇಲೆ ಮಣ್ಣು ತೊಳೆದ ಆ ವಿಷದ ನೀರನ್ನು ಎಲ್ಲಿಗೆ ಬಿಡೋದು ಅಂತಲೂ ಯೋಚಿಸಬೇಕು.