ಓದಲು ಬರುತ್ತದೆ, ಅರ್ಥವಾಗುವುದಿಲ್ಲ: ಓದುಗ್ರಹಿಕೆ ಕುರಿತು ಅಧ್ಯಯನ ಟಿಪ್ಪಣಿ

‘ಕಿಮ್ಮಳೆಯು ತೊರವಿನಲ್ಲಿ ದುಪ್ಪಿಸಿತು.’ ಈ ವಾಕ್ಯಕ್ಕೆ ಅರ್ಥವೇ ಇಲ್ಲ. ಆದರೂ ‘ಕಿಮ್ಮಳೆಯು ಎಲ್ಲಿ ದುಪ್ಪಿಸಿತು?’ ಎಂದು ಕೇಳಿದರೆ ಕನ್ನಡ ಬಲ್ಲ ಯಾರೇ ಆದರೂ ‘ತೊರವಿನಲ್ಲಿ’ ಎಂದು ಸರಿಯುತ್ತರ ಕೊಡುತ್ತಾರೆ. ನಮ್ಮ ತರಗತಿಗಳಲ್ಲಿ ಪಾಠದ ಕೊನೆಗೆ ಕೇಳಲಾಗುವ ಬಹಳಷ್ಟು ಪ್ರಶ್ನೆಗಳು ಇದೇ ಬಗೆಯವು. ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕಿ, ಆ ಸಾಲನ್ನು ಎತ್ತಿ ಬರೆದ ವಿದ್ಯಾರ್ಥಿಗೆ ಪೂರ್ಣ ಅಂಕ ದೊರೆಯುತ್ತದೆಯಾದ್ದರಿಂದ, ಆತನಿಗೆ ಪಾಠ ಅರ್ಥವಾಗಿದೆಯೇ ಎಂಬುದು ಶಿಕ್ಷಕರಿಗೂ ತಿಳಿಯುವುದಿಲ್ಲ, ಆತನಿಗೂ ತಿಳಿಯುವುದಿಲ್ಲ.

ಓದುಗ್ರಹಿಕೆ ಎಲ್ಲಿ ತಡೆಯುತ್ತದೆ ಎಂಬುದನ್ನು ಗುರುತಿಸಲು 1986ರಲ್ಲಿ ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ ಮುಂದಿಟ್ಟ ಸರಳ ಮಾದರಿ ಇಂದಿಗೂ ಉಪಯುಕ್ತವಾಗಿದೆ. ಅವರ ಪ್ರಕಾರ ಓದುಗ್ರಹಿಕೆಯು ಲಿಪಿಯನ್ನು ಬಿಡಿಸಿ ಓದುವ ಸಾಮರ್ಥ್ಯ ಮತ್ತು ಭಾಷೆಯನ್ನು ಅರ್ಥಮಾಡಿಕೊಳ್ಳುವ ಸಾಮರ್ಥ್ಯ ಇವೆರಡರ ಗುಣಲಬ್ಧ, ಮೊತ್ತವಲ್ಲ. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟೇ ಇದ್ದರೂ ಫಲ ಸೊನ್ನೆಯೇ. ಇದರಿಂದ ಒಂದು ಸುಲಭ ಪರೀಕ್ಷೆ ಸಿಗುತ್ತದೆ: ಮಗು ತಾನೇ ಓದಿ ಉತ್ತರಿಸಲಾಗದ ಗದ್ಯಭಾಗಕ್ಕೆ ಸಮನಾದ ಇನ್ನೊಂದು ಭಾಗವನ್ನು ನಾವು ಗಟ್ಟಿಯಾಗಿ ಓದಿ ಹೇಳಿ, ಅದೇ ಬಗೆಯ ಪ್ರಶ್ನೆಗಳನ್ನು ಕೇಳಬೇಕು. ಕೇಳಿಸಿಕೊಂಡಾಗ ಉತ್ತರ ಬಂದರೆ ತೊಡಕು ಲಿಪಿಯಲ್ಲಿದೆ. ಆಗಲೂ ಬಾರದಿದ್ದರೆ ಭಾಷೆಯಲ್ಲಿ ಅಥವಾ ವಿಷಯಜ್ಞಾನದಲ್ಲಿದೆ. ಈ ಎರಡಕ್ಕೂ ಒಂದೇ ಮದ್ದೆಂಬಂತೆ ಇನ್ನಷ್ಟು ಅಪಠಿತ ಗದ್ಯಗಳನ್ನು ಕೊಡುವುದು ವ್ಯರ್ಥ.

ಲಿಪಿಯ ತೊಡಕು ಒಂದನೇ ತರಗತಿಗೇ ಮುಗಿಯಿತೆಂದು ಭಾವಿಸಬಾರದು. ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಸೇರಿ ಕನ್ನಡದ ಮಗು ಗುರುತಿಸಬೇಕಾದ ರೂಪಗಳು ನೂರಾರು. ಇವುಗಳ ಕಲಿಕೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ಮುಂದುವರಿಯುತ್ತದೆ ಎಂಬುದನ್ನು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ನಾಲ್ಕನೇ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಅದನ್ನು ದಡ್ಡತನವೆಂದು ಬಗೆಯುವುದು ಅನ್ಯಾಯ.

ಭಾಷೆಯ ಕಡೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಈ ಟಿಪ್ಪಣಿಗಾಗಿಯೇ ರಚಿಸಿದ ಚಿಕ್ಕ ಗದ್ಯವೊಂದನ್ನು ನೋಡೋಣ: ‘ಮಳೆ ಚೆನ್ನಾಗಿಯೇ ಬಂದು ಊರ ಕೆರೆ ಕೋಡಿ ಬಿದ್ದಿತು. ಆದರೂ ಸಂಕ್ರಾಂತಿಯ ಹೊತ್ತಿಗೆ ತಳ ಕಂಡಿತು. ಹೂಳು ತೆಗೆಸದೆ ಎಷ್ಟೋ ವರ್ಷವಾಗಿತ್ತು. ಮಾದಪ್ಪ ಬೇಸಿಗೆ ಭತ್ತದ ಆಸೆ ಬಿಟ್ಟ.’ ಇಲ್ಲಿ ಕಠಿಣವಾದ ಪದಗಳಿಲ್ಲ. ಆದರೆ ತಳ ಕಂಡದ್ದು ಯಾವುದರದು, ಹೂಳು ಎಲ್ಲಿಯದು ಎಂಬುದನ್ನು ವಾಕ್ಯಗಳು ಹೇಳುವುದಿಲ್ಲ; ಕನ್ನಡದಲ್ಲಿ ತಿಳಿದ ಕರ್ತೃವನ್ನು ಬಿಟ್ಟು ಬರೆಯುವುದು ಸಹಜವಾದ್ದರಿಂದ ಓದುಗನೇ ಅದನ್ನು ಹಿಂದಿನ ವಾಕ್ಯದಿಂದ ತಂದುಕೊಳ್ಳಬೇಕು. ಹಾಗೆಯೇ ‘ಹಸುವಿಗೆ ಮೇವು ಹಾಕಿದ ಹುಡುಗನ ಅಜ್ಜಿ ಊರಿಗೆ ಹೋದಳು’ ಎಂಬಂಥ ವಾಕ್ಯದಲ್ಲಿ ಊರಿಗೆ ಹೋದವರು ಯಾರೆಂದು ಕೇಳಿದರೆ ‘ಹುಡುಗ’ ಎನ್ನುವ ಮಕ್ಕಳಿರುತ್ತಾರೆ. ಕ್ರಿಯಾಪದ ಬರುವವರೆಗೆ ವಿಶೇಷಣಗಳ ಸರಣಿಯನ್ನೆಲ್ಲ ನೆನಪಿನಲ್ಲಿಟ್ಟುಕೊಳ್ಳಬೇಕಾದುದೇ ಇದಕ್ಕೆ ಕಾರಣ. ಮನೆಯಲ್ಲಿ ತುಳು, ಲಂಬಾಣಿ ಅಥವಾ ಉರ್ದು ಆಡುವ ಮಗುವಿಗೆ ಪಠ್ಯಪುಸ್ತಕದ ಗ್ರಾಂಥಿಕ ಕನ್ನಡ ಇನ್ನೂ ದೂರದ್ದು.

ವಿಷಯಜ್ಞಾನದ ಪಾತ್ರವನ್ನೂ ಇದೇ ಗದ್ಯ ತೋರಿಸುತ್ತದೆ. ಹೂಳು ತುಂಬಿದ ಕೆರೆ ಬೇಗ ಕೋಡಿ ಬೀಳುತ್ತದೆ, ಅದರಲ್ಲಿ ನಿಲ್ಲುವ ನೀರು ಮಾತ್ರ ಕಡಿಮೆ ಎಂದು ತಿಳಿದ ಮಗುವಿಗೆ ನಾಲ್ಕು ವಾಕ್ಯಗಳೂ ಒಂದೇ ಸಂಗತಿಯಾಗಿ ಕೂಡಿಕೊಳ್ಳುತ್ತವೆ. ಕೆರೆಯನ್ನೇ ಕಾಣದ ನಗರದ ಮಗುವಿಗೆ ಅವು ಬಿಡಿ ವಾಕ್ಯಗಳಾಗಿಯೇ ಉಳಿಯುತ್ತವೆ. 1988ರಲ್ಲಿ ಅಮೆರಿಕದ ರೆಕ್ಟ್ ಮತ್ತು ಲೆಸ್ಲಿ ನಡೆಸಿದ ಪ್ರಯೋಗದಲ್ಲಿ, ಬೇಸ್‌ಬಾಲ್ ಆಟವನ್ನು ಚೆನ್ನಾಗಿ ಬಲ್ಲ, ಆದರೆ ಓದಿನಲ್ಲಿ ಹಿಂದಿದ್ದ ಮಕ್ಕಳು ಆ ಆಟದ ಕುರಿತ ಗದ್ಯವನ್ನು ಗ್ರಹಿಸುವಲ್ಲಿ ಆಟ ತಿಳಿಯದ ಉತ್ತಮ ಓದುಗರನ್ನು ಮೀರಿಸಿದರು. ಹೀಗಾಗಿ ವಿಜ್ಞಾನ, ಸಮಾಜ ಪಾಠಗಳ ಅವಧಿಯನ್ನು ಕಡಿತಗೊಳಿಸಿ ಓದಿನ ಅಭ್ಯಾಸ ಹೆಚ್ಚಿಸುವುದು ಸರಿಯಾದ ದಾರಿಯಲ್ಲವೆಂದು ನನಗೆ ತೋರುತ್ತದೆ.

ಇನ್ನು ಬೋಧನೆಯ ವಿಚಾರ. 1978–79ರಲ್ಲಿ ಡೊಲೋರೆಸ್ ಡರ್ಕಿನ್ ಅಮೆರಿಕದ ನಾಲ್ಕನೇ ತರಗತಿಗಳ ಓದಿನ ಅವಧಿಗಳನ್ನು ವೀಕ್ಷಿಸಿ, ಗ್ರಹಿಕೆಯನ್ನು ಕಲಿಸಲು ಶೇ 1ಕ್ಕಿಂತ ಕಡಿಮೆ ಸಮಯ ಬಳಕೆಯಾಗುತ್ತಿದೆಯೆಂದೂ, ಪ್ರಶ್ನೆ ಕೇಳಿ ಪರೀಕ್ಷಿಸುವುದೇ ಹೆಚ್ಚೆಂದೂ ಕಂಡುಕೊಂಡರು. ಪ್ರಶ್ನೆ ಕೇಳುವುದು ಅಳತೆಯೇ ಹೊರತು ಕಲಿಸುವಿಕೆಯಲ್ಲ. ಕಲಿಸುವ ಒಂದು ವಿಧಾನವನ್ನು 1984ರಲ್ಲಿ ಪಾಲಿಂಕ್ಸರ್ ಮತ್ತು ಬ್ರೌನ್ ವಿವರಿಸಿದರು. ಪರಸ್ಪರ ಬೋಧನೆ ಎನ್ನಬಹುದಾದ ಈ ಕ್ರಮದಲ್ಲಿ ಚಿಕ್ಕ ಗುಂಪೊಂದು ಗದ್ಯವನ್ನು ಸ್ವಲ್ಪ ಸ್ವಲ್ಪವಾಗಿ ಓದುತ್ತ, ಮುಂದೇನು ಬರಬಹುದೆಂದು ಊಹಿಸುವುದು, ಪ್ರಶ್ನೆ ಹುಟ್ಟಿಸುವುದು, ತಿಳಿಯದ್ದನ್ನು ಬಿಡಿಸಿಕೊಳ್ಳುವುದು, ಸಾರ ಹೇಳುವುದು ಎಂಬ ನಾಲ್ಕು ಕೆಲಸಗಳನ್ನು ಮಾಡುತ್ತದೆ. ಮೊದಲು ಶಿಕ್ಷಕರೇ ತಮ್ಮ ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತ ಮಾಡಿ ತೋರಿಸುತ್ತಾರೆ: ‘ಕೋಡಿ ಬಿದ್ದ ಕೆರೆ ಇಷ್ಟು ಬೇಗ ಬತ್ತಿತೇಕೆ? ನನಗಿದು ಹೊಂದುತ್ತಿಲ್ಲ, ಮುಂದೆ ಓದುತ್ತೇನೆ.’ ಆಮೇಲೆ ಮಕ್ಕಳು ಸರದಿಯಂತೆ ಆ ಸ್ಥಾನಕ್ಕೆ ಬರುತ್ತಾರೆ.

2021ರಲ್ಲಿ ಆರಂಭವಾದ ನಿಪುಣ್ ಭಾರತ್ ಕಾರ್ಯಕ್ರಮವು ಮೂರನೇ ತರಗತಿಯ ಕೊನೆಗೆ ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದುವ ಗುರಿಯಿಟ್ಟಿದೆ. ಪದಗಳನ್ನು ಎಣಿಸುವುದು ಸುಲಭವಾದ್ದರಿಂದ ‘ಅರ್ಥಸಹಿತ’ ಎಂಬ ಭಾಗ ಮರೆಯಾಗುವ ಅಪಾಯವಿದೆ. ‘ಬಂದಿರಲಿಲ್ಲವಾದ್ದರಿಂದ’ ಎಂಬಂತಹ ರೂಪವೂ ಎಣಿಕೆಯಲ್ಲಿ ಒಂದೇ ಪದವೆಂಬುದನ್ನು ಮರೆಯಬಾರದು.

ಪರಸ್ಪರ ಬೋಧನೆಯ ನಾಲ್ಕು ಕೆಲಸಗಳಲ್ಲಿ ಮಕ್ಕಳಿಗೆ ಅತಿ ಕಷ್ಟವಾಗುವುದು ಸಾರ ಹೇಳುವುದು. ಇಡೀ ಗದ್ಯವನ್ನೇ ಒಪ್ಪಿಸಿಬಿಡುತ್ತಾರೆ. ಒಂದೇ ವಾಕ್ಯದಲ್ಲಿ, ಪುಸ್ತಕ ಮುಚ್ಚಿ ಹೇಳಬೇಕೆಂಬ ನಿಯಮವಿದ್ದರೆ ಒಪ್ಪಿಸುವುದು ನಿಲ್ಲುತ್ತದೆ. ಮೇಲಿನ ಗದ್ಯಕ್ಕೆ ‘ಕೆರೆ ಬತ್ತಿದ್ದರಿಂದ ಮಾದಪ್ಪ ಭತ್ತ ಹಾಕಲಿಲ್ಲ’ ಎಂಬ ಉತ್ತರ ಬಂದರೆ ಅದನ್ನು ತಪ್ಪೆನ್ನದೆ, ‘ಅಷ್ಟು ಮಳೆ ಬಂದರೂ ಏಕೆ ಬತ್ತಿತು?’ ಎಂದು ಗುಂಪಿಗೇ ತಿರುಗಿ ಕೇಳಬೇಕು.