ಫ್ರೆಂಚ್ ಆನಿಯನ್ ಸೂಪ್: ಈರುಳ್ಳಿಗೆ ಕೊಡಬೇಕಾದ ಸಮಯ

ಮನೆಯಲ್ಲಿ ಮಾಡಿದ ಫ್ರೆಂಚ್ ಆನಿಯನ್ ಸೂಪ್ ಸಪ್ಪೆಯಾಯಿತು, ನೀರು ನೀರಾಯಿತು ಎನ್ನುವವರು ಸಾಮಾನ್ಯವಾಗಿ ಚೀಸಿನ ಮೇಲೋ ಸ್ಟಾಕ್ (ಮೂಳೆ ಇಲ್ಲವೇ ತರಕಾರಿ ಕುದಿಸಿ ಸೋಸಿದ ಸಾರು) ಮೇಲೋ ತಪ್ಪು ಹೊರಿಸುತ್ತಾರೆ. ಹತ್ತರಲ್ಲಿ ಎಂಟು ಸಲ ತಪ್ಪು ಈರುಳ್ಳಿಯ ಹಂತದಲ್ಲೇ ಆಗಿರುತ್ತದೆ. "10 ನಿಮಿಷ ಕಂದುಬಣ್ಣ ಬರುವಂತೆ ಹುರಿಯಿರಿ" ಎಂದು ಬರೆದ ಪಾಕವಿಧಾನಗಳನ್ನು ದಯವಿಟ್ಟು ನಂಬಬೇಡಿ. 10 ನಿಮಿಷದಲ್ಲಿ ಒಂದು ಕಿಲೋ ಈರುಳ್ಳಿ ಬಾಡುತ್ತದೆ, ಅಷ್ಟೆ. ಈ ಸೂಪಿಗೆ ಬೇಕಾದ ಬಣ್ಣ ಮತ್ತು ರುಚಿ ಬರಲು ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು.

ಪ್ಯಾರಿಸ್‌ನ ಹಳೆಯ ಸಗಟು ಮಾರುಕಟ್ಟೆ 'ಲೆ ಆಲ್' ಸುತ್ತಲಿನ ಅಡುಗೆಮನೆಗಳಲ್ಲಿ ಈ ಸೂಪಿಗೆ ಹೆಸರು ಬಂತು. ರಾತ್ರಿಯೆಲ್ಲ ಮೂಟೆ ಹೊತ್ತವರು, ನಾಟಕ ಮುಗಿಸಿಕೊಂಡು ಬಂದವರು ನಸುಕಿನಲ್ಲಿ ಒಂದೇ ಕಡೆ ಕೂತು ಇದನ್ನು ಉಣ್ಣುತ್ತಿದ್ದರು. 1969ರಲ್ಲಿ ಮಾರುಕಟ್ಟೆ ಊರಾಚೆಯ ರಂಜಿಸ್‌ಗೆ ಸ್ಥಳಾಂತರವಾದರೂ ಸೂಪ್ ಆ ಬೀದಿಗಳಲ್ಲೇ ಉಳಿಯಿತು. ಅಗ್ಗದ ಈರುಳ್ಳಿ, ಒಣಗಿದ ಬ್ರೆಡ್, ಮೂಳೆಯ ಸಾರು, ಮೇಲೆ ಚೀಸ್ ಇಷ್ಟೇ ಇದರ ಸಾಮಗ್ರಿ. ಮಸಾಲೆಯ ಮರೆ ಇಲ್ಲದ ಅಡುಗೆಯಾದ್ದರಿಂದ ಅವಸರ ಮಾಡಿದರೆ ಮೊದಲ ಚಮಚದಲ್ಲೇ ಗೊತ್ತಾಗುತ್ತದೆ.

ನಾಲ್ಕು ಜನರಿಗೆ ಸಿಪ್ಪೆ ಸುಲಿದ ಈರುಳ್ಳಿ 1.25 ಕಿಲೋ, ಬೆಣ್ಣೆ 50 ಗ್ರಾಂ, ಎಣ್ಣೆ ಒಂದು ದೊಡ್ಡ ಚಮಚ, ಉಪ್ಪು ಒಂದು ಸಣ್ಣ ಚಮಚ, ಮೈದಾ ಒಂದೂವರೆ ದೊಡ್ಡ ಚಮಚ, ಸಿಹಿಯಿಲ್ಲದ ಬಿಳಿ ವೈನ್ 150 ಮಿ.ಲೀ., ಸ್ಟಾಕ್ ಒಂದೂವರೆ ಲೀಟರ್, ಥೈಮ್ ಸೊಪ್ಪು ಎರಡು ಮೂರು ಕಡ್ಡಿ, ಒಂದು ಬೇ ಎಲೆ, ಬ್ಯಾಗೆಟ್ ಎಂಬ ಉದ್ದನೆಯ ಫ್ರೆಂಚ್ ಬ್ರೆಡ್ಡಿನ 8 ಹೋಳು, ತುರಿದ ಗ್ರುಯೇರ್ ಚೀಸ್ 200 ಗ್ರಾಂ. ನಮ್ಮ ಪಲಾವ್ ಎಲೆಯನ್ನು ಬೇ ಎಲೆಯ ಬದಲಿಗೆ ಹಾಕಬೇಡಿ. ಉದ್ದಕ್ಕೆ ಮೂರು ನರಗಳಿರುವ ಅದು ದಾಲ್ಚಿನ್ನಿಯ ಜಾತಿಯದು, ಸೂಪಿಗೂ ಅದೇ ವಾಸನೆ ಹಿಡಿಯುತ್ತದೆ. ನಡುವೆ ಒಂದೇ ನರವಿರುವ ಎಲೆ ಸಿಗದಿದ್ದರೆ ಬಿಟ್ಟುಬಿಡಿ, ಥೈಮ್ ಸಾಕು.

ಫ್ರಾನ್ಸಿನಲ್ಲಿ ಹಳದಿ ಈರುಳ್ಳಿ ಬಳಸುತ್ತಾರೆ. ನಮ್ಮ ಮಾರುಕಟ್ಟೆಯ ಕೆಂಪು ಈರುಳ್ಳಿಯಿಂದಲೂ ರುಚಿ ಚೆನ್ನಾಗಿಯೇ ಬರುತ್ತದೆ, ಸೂಪಿನ ಬಣ್ಣ ಮಾತ್ರ ತುಸು ಮಂಕು. ಬಿಳಿ ಈರುಳ್ಳಿ ಸಿಕ್ಕರೆ ಅರ್ಧಕ್ಕರ್ಧ ಬೆರೆಸಿ. ಹೆಚ್ಚುವಾಗ ಬೇರಿನ ತುದಿಯಿಂದ ಜುಟ್ಟಿನ ಕಡೆಗೆ ಉದ್ದುದ್ದಕ್ಕೆ, 3 ಮಿ.ಮೀ. ದಪ್ಪಕ್ಕೆ ಸೀಳಬೇಕು. ಈರುಳ್ಳಿಯ ನಾರು ಹೋಗುವ ದಿಕ್ಕು ಅದೇ ಆದ್ದರಿಂದ ಗಂಟೆಗಟ್ಟಲೆ ಬೆಂದರೂ ಎಳೆ ಎಳೆಯಾಗಿ ನಿಲ್ಲುತ್ತದೆ. ಅಡ್ಡಕ್ಕೆ ಬಿಲ್ಲೆ ಮಾಡಿದರೆ ಬೇಗ ಕರಗಿ ಮುದ್ದೆಯಾಗುತ್ತದೆ. ತೀರಾ ತೆಳ್ಳಗೆ ಹೆಚ್ಚಿದರೂ ಅದೇ ಗತಿ.

ಪಾತ್ರೆ ಅಗಲವಾಗಿ, ದಪ್ಪ ತಳದ್ದಾಗಿರಲಿ: 26ರಿಂದ 28 ಸೆಂ.ಮೀ., ಸ್ಟೀಲ್ ಅಥವಾ ಎನಾಮೆಲ್ ಹಚ್ಚಿದ ಬೀಡಿನದು. ನಾನ್‌ಸ್ಟಿಕ್ ಇಲ್ಲಿ ಕೆಲಸಕ್ಕೆ ಬಾರದು. ತಳಕ್ಕೆ ಅಂಟುವ ಕಂದು ಪದರವೇ ಈ ಸೂಪಿನ ಸತ್ವ, ನಾನ್‌ಸ್ಟಿಕ್‌ನಲ್ಲಿ ಅದು ಕಟ್ಟುವುದೇ ಇಲ್ಲ.

ಬೆಣ್ಣೆ, ಎಣ್ಣೆ ಕಾಯಿಸಿ ಈರುಳ್ಳಿ, ಉಪ್ಪು ಹಾಕಿ ಮುಚ್ಚಳ ಮುಚ್ಚಿ. ಮಧ್ಯಮಕ್ಕಿಂತ ಕಡಿಮೆ ಉರಿಯಲ್ಲಿ 15 ನಿಮಿಷ ಬೇಯಲಿ, ಎರಡು ಸಲ ಕೈಯಾಡಿಸಿದರೆ ಸಾಕು. ಉಪ್ಪು ನೀರನ್ನು ಹೊರಗೆಳೆಯುತ್ತದೆ, ಎಳೆಗಳು ಮೆತ್ತಗಾಗುತ್ತವೆ. ಆಮೇಲೆ ಮುಚ್ಚಳ ತೆಗೆಯಿರಿ. ಈರುಳ್ಳಿಯ ತೂಕದಲ್ಲಿ ಶೇ. 89ರಷ್ಟು ನೀರೇ, ಅಂದರೆ ಪಾತ್ರೆಯಲ್ಲಿ ಈಗ ಒಂದು ಲೀಟರಿಗೂ ಹೆಚ್ಚು ನೀರಿದೆ. ಅದು ಇರುವಷ್ಟು ಹೊತ್ತು ಪಾತ್ರೆಯೊಳಗಿನ ಶಾಖ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಈರುಳ್ಳಿಯ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕೂಡಿ ಚುರುಕಾಗಿ ಕಂದಾಗಲು ಸುಮಾರು 140 ಡಿಗ್ರಿ ಬೇಕು. ಹಾಗಾಗಿ ಮೊದಲ 25 ನಿಮಿಷ ಏನೂ ಆಗುತ್ತಿಲ್ಲ ಎನ್ನಿಸುತ್ತದೆ. ಆಗಲೇ ಬೇಸತ್ತು ಉರಿ ಜೋರು ಮಾಡುವವರು ಹೆಚ್ಚು. ನೀರು ಮುಗಿಯುತ್ತಲೇ ಅಂಚುಗಳು ಕಪ್ಪಾಗಿ, ನಡುಭಾಗ ಬೆಳ್ಳಗೇ ಉಳಿದು, ಸೂಪಿಗೆ ಕಹಿ ಬರುವುದು ಈ ಅವಸರದಿಂದ.

ನೀರು ಆರಿದ ಸದ್ದನ್ನು ಕಿವಿಯಿಂದಲೇ ಗುರುತಿಸಬಹುದು. ಕುದಿತದ ಸದ್ದು ಹೋಗಿ ಸಣ್ಣಗೆ ಚುರುಗುಟ್ಟುತ್ತದೆ. ಇಲ್ಲಿಂದ ಮುಂದೆ ಒಲೆ ಬಿಟ್ಟು ಹೋಗಬೇಡಿ. ಎರಡು ಮೂರು ನಿಮಿಷ ಕದಲಿಸದೆ ಬಿಟ್ಟರೆ ತಳದಲ್ಲಿ ತೆಳ್ಳನೆಯ ಕಂದು ಪದರ ಹಿಡಿಯುತ್ತದೆ. ಎರಡು ದೊಡ್ಡ ಚಮಚ ನೀರು ಹಾಕಿ ಮರದ ಸೌಟಿನಿಂದ ಕೆರೆಯಿರಿ. ಪದರ ಕರಗಿ ಈರುಳ್ಳಿಗೆ ಸೇರುತ್ತದೆ, ಒಂದೇ ಕ್ಷಣದಲ್ಲಿ ಇಡೀ ಪಾತ್ರೆಯ ಬಣ್ಣ ಒಂದು ಮೆಟ್ಟಿಲು ಏರುತ್ತದೆ. ನೀರು ಆರಲಿ, ಮತ್ತೆ ಪದರ ಹಿಡಿಯಲಿ, ಮತ್ತೆ ಕೆರೆಯಿರಿ. ನಾಲ್ಕೈದು ಸಲ ಹೀಗೆ ಮಾಡುವಷ್ಟರಲ್ಲಿ ಈರುಳ್ಳಿ ಜೋನಿಬೆಲ್ಲದ ಬಣ್ಣಕ್ಕೆ ಬಂದು, ಮೊದಲಿನ ಕಾಲು ಭಾಗದಷ್ಟಾಗಿರುತ್ತದೆ. ಮುಚ್ಚಳ ತೆಗೆದಾಗಿನಿಂದ ಇದಕ್ಕೆ 50ರಿಂದ 70 ನಿಮಿಷ ಬೇಕು. ಪದರ ಕಂದು ದಾಟಿ ಕಪ್ಪಾಗಿಬಿಟ್ಟರೆ ಕೆರೆಯಬೇಡಿ. ಮೇಲಿನ ಈರುಳ್ಳಿಯನ್ನಷ್ಟೇ ಬೇರೆ ಪಾತ್ರೆಗೆ ಎತ್ತಿಕೊಂಡು ಮುಂದುವರಿಸಿ.

ಅಡ್ಡದಾರಿಗಳ ಬಗ್ಗೆ ಕೇಳುವವರು ಬಹಳ. ಅಡುಗೆ ಸೋಡಾ ಹಾಕಿದರೆ ಬಣ್ಣ ಬೇಗ ಬರುವುದು ನಿಜ, ಆದರೆ ಈರುಳ್ಳಿಯ ಗಟ್ಟಿತನ ಹಿಡಿದಿಡುವ ಪೆಕ್ಟಿನ್ ಒಡೆದು ಎಲ್ಲ ಲೋಳೆಯಾಗುತ್ತದೆ. ಗ್ರೇವಿಗೆ ಅದು ನಡೆಯುತ್ತದೆ, ಎಳೆ ಬಾಯಿಗೆ ಸಿಗಬೇಕಾದ ಈ ಸೂಪಿಗೆ ನಡೆಯುವುದಿಲ್ಲ. ಬಿರಿಯಾನಿಗೆ ಕರಿದಿಟ್ಟ ಈರುಳ್ಳಿಯೂ ಬೇಡ. ಎಣ್ಣೆಯಲ್ಲಿ ಕರಿದದ್ದರ ರುಚಿಯೇ ಬೇರೆ, ಸೂಪಿನ ಮೇಲೆ ಎಣ್ಣೆ ತೇಲುತ್ತದೆ.

ಬಣ್ಣ ಬಂದ ಮೇಲೆ ಮೈದಾ ಉದುರಿಸಿ ಎರಡು ನಿಮಿಷ ಹುರಿಯಿರಿ, ಇಲ್ಲದಿದ್ದರೆ ಹಸಿ ಹಿಟ್ಟಿನ ರುಚಿ ಉಳಿಯುತ್ತದೆ. ವೈನ್ ಸುರಿದು ಅರ್ಧಕ್ಕಿಂತ ಕಡಿಮೆಯಾಗುವವರೆಗೆ ಕುದಿಸಿ. ಅದರ ಹುಳಿ ಈರುಳ್ಳಿಯ ಸಿಹಿಯನ್ನು ಹದಕ್ಕೆ ತರುತ್ತದೆ. ವೈನ್ ಬೇಡದವರು ಒಂದು ದೊಡ್ಡ ಚಮಚ ಆಪಲ್ ಸೈಡರ್ ವಿನೆಗರ್‌ಗೆ 100 ಮಿ.ಲೀ. ನೀರು ಬೆರೆಸಿ ಹಾಕಿ. ಹುಳಿಯೇ ಇಲ್ಲದಿದ್ದರೆ ನಾಲ್ಕನೇ ಚಮಚಕ್ಕೆ ಸೂಪ್ ಮುಖ ಕಟ್ಟುತ್ತದೆ.

ಸಾಂಪ್ರದಾಯಿಕವಾಗಿ ಇದಕ್ಕೆ ದನದ ಮೂಳೆಯ ಸ್ಟಾಕ್. ಗಂಟೆಗಟ್ಟಲೆ ಕುದಿದ ಮೂಳೆಯಿಂದ ಜೆಲಾಟಿನ್ ಬಿಡುವುದರಿಂದ ಸೂಪಿಗೆ ತುಟಿಗೆ ಅಂಟುವಂಥ ಮೈ ಬರುತ್ತದೆ. ಕೋಳಿಯ ಸ್ಟಾಕಿನಿಂದಲೂ ಒಳ್ಳೆಯ ಸೂಪ್ ಮಾಡಬಹುದು, ಕಾಲು ಮತ್ತು ರೆಕ್ಕೆಯ ತುಂಡು ಸೇರಿಸಿ ಮೂರು ಗಂಟೆ ಸಣ್ಣ ಉರಿಯಲ್ಲಿಟ್ಟರೆ. ಸಸ್ಯಾಹಾರಿಗಳು 20 ಗ್ರಾಂ ಒಣ ಶಿಟಾಕೆ ಅಣಬೆ, ಕ್ಯಾರೆಟ್, ಸೆಲರಿ, ಕಾಳುಮೆಣಸು, ತೊಳೆದ ಈರುಳ್ಳಿ ಸಿಪ್ಪೆಯನ್ನು 45 ನಿಮಿಷ ಕುದಿಸಿ ಸೋಸಿ, ಎರಡು ಸಣ್ಣ ಚಮಚ ಸೋಯಾ ಸಾಸ್ ಸೇರಿಸಲಿ. ಜೆಲಾಟಿನ್ ಇರುವುದಿಲ್ಲವಾದ್ದರಿಂದ ಮೈದಾ ಅರ್ಧ ಚಮಚ ಹೆಚ್ಚಿರಲಿ. ಸ್ಟಾಕ್ ಕ್ಯೂಬ್ ಬಳಸುವುದಾದರೆ ಪೊಟ್ಟಣದಲ್ಲಿ ಹೇಳಿದ ಅರ್ಧದಷ್ಟೇ ಹಾಕಿ. ಸೂಪ್ ಕುದಿದು ಬತ್ತುತ್ತದೆ, ಚೀಸಿನ ಉಪ್ಪೂ ಸೇರುತ್ತದೆ, ಕೊನೆಗೆ ಬಾಯಿಗಿಡಲು ಆಗದಷ್ಟು ಉಪ್ಪಾಗುತ್ತದೆ. ಸ್ಟಾಕ್, ಥೈಮ್, ಎಲೆ ಹಾಕಿ 30 ನಿಮಿಷ ಸಣ್ಣಗೆ ಕುದಿಸಿ, ಆಮೇಲೆ ಉಪ್ಪು ನೋಡಿ.

ಬ್ರೆಡ್ ನಿನ್ನೆಯದಾದರೆ ಒಳ್ಳೆಯದು. 2 ಸೆಂ.ಮೀ. ದಪ್ಪದ ಹೋಳುಗಳನ್ನು 150 ಡಿಗ್ರಿ ಓವನ್‌ನಲ್ಲಿ 20 ನಿಮಿಷ, ನಡುಭಾಗದವರೆಗೂ ಒಣಗುವಂತೆ ಇಡಿ. ಟೋಸ್ಟರಿನಲ್ಲಿ ಹೊರಗಷ್ಟೇ ಕೆಂಪಾದ ಬ್ರೆಡ್ ಒಳಗೆ ಹಸಿಯಾಗಿದ್ದು ಸೂಪಿನಲ್ಲಿ ಗಂಜಿಯಾಗುತ್ತದೆ.

ಚೀಸ್ ಗ್ರುಯೇರ್ ಅಥವಾ ಫ್ರಾನ್ಸಿನ ಜೂರಾ ಸೀಮೆಯ ಕೊಂತೆ ಆಗಬೇಕು. ಇವೆರಡರಲ್ಲೂ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇರುತ್ತದೆ. ಬೇಡದವರು ಹಸಿರು ಚುಕ್ಕೆಯ ಎಮೆಂಟಾಲ್ ಅಥವಾ ಗೌಡಾ ತೆಗೆದುಕೊಳ್ಳಿ. ಮೊಝರೆಲ್ಲಾ ಎಳೆ ಬಿಡುತ್ತದೆ, ರುಚಿ ಕೊಡುವುದಿಲ್ಲ. ತುರಿದೇ ಬರುವ ಪೊಟ್ಟಣದ ಚೀಸಿಗೆ ಅಂಟದಿರಲೆಂದು ಪಿಷ್ಟ ಸವರಿರುತ್ತಾರೆ, ಅದು ನಯವಾಗಿ ಕರಗುವುದಿಲ್ಲ. ಗಡ್ಡೆ ತಂದು ತುರಿದುಕೊಳ್ಳಿ.

ಓವನ್ ತಡೆಯುವ ಪಿಂಗಾಣಿ ಬಟ್ಟಲುಗಳನ್ನು ಟ್ರೇ ಮೇಲಿಟ್ಟು, ಕುದಿಯುತ್ತಿರುವ ಸೂಪನ್ನು ಮೇಲೆ 2 ಸೆಂ.ಮೀ. ಬಿಟ್ಟು ತುಂಬಿ. ಬ್ರೆಡ್ ಹೋಳುಗಳಿಂದ ಮೇಲ್ಮೈ ಪೂರ್ತಿ ಮುಚ್ಚಿ, ಚೀಸನ್ನು ಬಟ್ಟಲಿನ ಅಂಚಿಗೂ ತಾಗುವಂತೆ ಹರಡಿ. ಬ್ರೆಡ್ ಕಡಿಮೆಯಾದರೆ ಚೀಸ್ ಸೂಪಿನೊಳಗೆ ಮುಳುಗಿ ಉಂಡೆ ಕಟ್ಟುತ್ತದೆ. ಓಟಿಜಿ (ಓವನ್-ಟೋಸ್ಟರ್-ಗ್ರಿಲ್) ಇರುವವರು ಮೇಲಿನ ಸರಳನ್ನಷ್ಟೇ 230 ಡಿಗ್ರಿಗೆ ಹತ್ತು ನಿಮಿಷ ಮೊದಲೇ ಕಾಯಿಸಿಟ್ಟು, ಬಟ್ಟಲನ್ನು ಮೇಲಿನ ಅಂತಸ್ತಿನಲ್ಲಿಡಿ. ನಾಲ್ಕರಿಂದ ಏಳು ನಿಮಿಷದಲ್ಲಿ ಚೀಸ್ ಉಬ್ಬಿ ಅಲ್ಲಲ್ಲಿ ಕಂದು ಚುಕ್ಕೆ ಮೂಡುತ್ತದೆ, ಆಗ ತೆಗೆಯಿರಿ. ಬರಿಯ ಮೈಕ್ರೊವೇವ್‌ನಲ್ಲಿ ಚೀಸ್ ಕರಗುತ್ತದೆ, ಕಂದಾಗುವುದಿಲ್ಲ. ಓವನ್ನೇ ಇಲ್ಲದವರು ಒಣಗಿಸಿದ ಬ್ರೆಡ್ ಮೇಲೆ ಚೀಸ್ ಹಾಕಿ, ಸಣ್ಣ ಉರಿಯ ಕಾವಲಿಯಲ್ಲಿ ಮುಚ್ಚಿ ಕರಗಿಸಿ ಸೂಪಿನ ಮೇಲೆ ತೇಲಿಬಿಡಬಹುದು.

ಹೇಗೂ ಒಂದೂವರೆ ಗಂಟೆ ಒಲೆ ಮುಂದೆ ನಿಲ್ಲುವುದಿದ್ದರೆ ಎರಡರಷ್ಟು ಈರುಳ್ಳಿ ತೆಗೆದುಕೊಂಡು ಎರಡು ಪಾತ್ರೆಯಲ್ಲಿ ಹಾಕಿ. ಒಂದೇ ಪಾತ್ರೆಗೆ ಎರಡೂವರೆ ಕಿಲೋ ತುಂಬಿದರೆ ನೀರು ಆರುವುದೇ ಇಲ್ಲ. ಕಂದಾದ ಈರುಳ್ಳಿ ಫ್ರಿಜ್‌ನಲ್ಲಿ ನಾಲ್ಕು ದಿನ, ಫ್ರೀಜರಿನಲ್ಲಿ ಎರಡು ತಿಂಗಳು ಕೆಡದೆ ಇರುತ್ತದೆ. ಇನ್ನೊಂದು ದಿನ ಮೈದಾ ಹಂತದಿಂದ ಶುರುಮಾಡಿದರೆ ಮುಕ್ಕಾಲು ಗಂಟೆಯಲ್ಲಿ ಸೂಪ್ ಊಟದ ಮೇಜಿಗೆ ಬರುತ್ತದೆ.