ಕನಿಷ್ಠ ವೇತನವಿದ್ದರೂ ಸರ್ಕಾರಿ ಕಾಮಗಾರಿಗೆ ಬೇರೆ ಕೂಲಿ ಏಕೆ?

ಪ್ರಶ್ನೆ: ಅಮೆರಿಕದಲ್ಲಿ ಕನಿಷ್ಠ ವೇತನದ ಕಾನೂನು ಇದ್ದೇ ಇದೆ. ಹೀಗಿರುವಾಗ ಸರ್ಕಾರಿ ಕಟ್ಟಡ, ರಸ್ತೆಗಳ ಕೆಲಸಗಾರರಿಗೆ ‘ಪ್ರಿವೇಲಿಂಗ್ ವೇಜ್’ (ಆ ಊರಿನಲ್ಲಿ ಆ ಕಸುಬಿಗೆ ನಡೆಯುತ್ತಿರುವ ಕೂಲಿ) ಎಂದು ಬೇರೆ ಕೂಲಿ ಗೊತ್ತುಮಾಡುವುದೇಕೆ? ನಮ್ಮಲ್ಲಿ ಇಂಥದ್ದು ಇದೆಯೇ?

ಉತ್ತರ: ಇದರ ಮೂಲ ಟೆಂಡರ್ ಪದ್ಧತಿಯಲ್ಲಿದೆ. ಸಿಮೆಂಟು, ಕಬ್ಬಿಣಗಳ ಬೆಲೆ ಎಲ್ಲ ಗುತ್ತಿಗೆದಾರರಿಗೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಉಳಿದವರಿಗಿಂತ ಕಡಿಮೆ ಮೊತ್ತ ನಮೂದಿಸಿ ಕಾಮಗಾರಿ ಹಿಡಿಯಬೇಕೆಂದವನು ಮೊದಲು ಕೈಹಾಕುವುದು ಕೂಲಿಗೆ. ನ್ಯೂಯಾರ್ಕ್‌ನ ಲಾಂಗ್ ಐಲೆಂಡ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆ ಕಟ್ಟುವ ಗುತ್ತಿಗೆ ಅಲಬಾಮಾದ ಸಂಸ್ಥೆಯೊಂದಕ್ಕೆ ಹೋಗಿ, ಅದು ಕಡಿಮೆ ಕೂಲಿಯ ಆಳುಗಳನ್ನು ಅಲ್ಲಿಂದಲೇ ಕರೆತಂದಾಗ, ಆ ಭಾಗದ ಸಂಸದ ರಾಬರ್ಟ್ ಬೇಕನ್ 1927ರಲ್ಲಿ ಮಸೂದೆ ಮಂಡಿಸಿದರು. ಬಂದವರಲ್ಲಿ ಹೆಚ್ಚಿನವರು ಕಪ್ಪುವರ್ಣೀಯರಾಗಿದ್ದರು. ಸ್ಥಳೀಯರ ಆಕ್ಷೇಪದಲ್ಲಿ ವರ್ಣದ್ವೇಷವೂ ಬೆರೆತಿತ್ತು ಎಂಬ ಟೀಕೆ ಇಂದಿಗೂ ಕೇಳಿಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಮಹಾ ಆರ್ಥಿಕ ಕುಸಿತದ ನಡುವೆ, 1931ರ ಮಾರ್ಚ್‌ನಲ್ಲಿ ಈ ಕೂಲಿಯನ್ನು ಕಡ್ಡಾಯಗೊಳಿಸುವ ಡೇವಿಸ್-ಬೇಕನ್ ಕಾಯ್ದೆ ಜಾರಿಗೆ ಬಂತು.

ಒಕ್ಕೂಟ ಸರ್ಕಾರದ ಕನಿಷ್ಠ ವೇತನ 2009ರಿಂದ ಗಂಟೆಗೆ 7.25 ಡಾಲರ್‌ನಲ್ಲೇ ನಿಂತಿದೆ. ನುರಿತ ಎಲೆಕ್ಟ್ರಿಷಿಯನ್ ಒಬ್ಬನಿಗೆ ಆ ಮೊತ್ತದಿಂದ ಯಾವ ರಕ್ಷಣೆಯೂ ದೊರೆಯುವುದಿಲ್ಲ. ಆದ್ದರಿಂದ 2,000 ಡಾಲರ್‌ಗಿಂತ ಹೆಚ್ಚಿನ ಒಕ್ಕೂಟದ ಕಾಮಗಾರಿಗಳಲ್ಲಿ, ಆ ಊರಿನಲ್ಲಿ ಆ ಕಸುಬಿಗೆ ನಡೆಯುತ್ತಿರುವ ಕೂಲಿಯನ್ನೇ ಕೊಡಬೇಕೆಂದು ಈ ಕಾಯ್ದೆ ಹೇಳುತ್ತದೆ. ಹಲವು ರಾಜ್ಯಗಳಲ್ಲಿ ತಮ್ಮದೇ ಆದ ಇಂಥ ಕಾನೂನುಗಳಿವೆ. ಮಿಶಿಗನ್ ತನ್ನದನ್ನು 2018ರಲ್ಲಿ ರದ್ದುಗೊಳಿಸಿ, 2023ರಲ್ಲಿ ಮತ್ತೆ ತಂದಿತು. (ಎಚ್‌-1ಬಿ ವೀಸಾದ ಕಾಗದಪತ್ರಗಳಲ್ಲಿ ಕಾಣುವ ‘ಪ್ರಿವೇಲಿಂಗ್ ವೇಜ್’ ಬೇರೆ ಕಾನೂನಿಗೆ ಸೇರಿದ್ದು.)

ದರವನ್ನು ಗೊತ್ತುಮಾಡುವುದು ಒಕ್ಕೂಟದ ಕಾರ್ಮಿಕ ಇಲಾಖೆ. ನಿಜವಾದ ಜಗಳವಿರುವುದು ಇಲ್ಲಿಯೇ. ಇಲಾಖೆಯು ಕೌಂಟಿವಾರು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ವಿಭಾಗ) ಸಮೀಕ್ಷೆ ನಡೆಸುತ್ತದೆ. ಒಂದು ಕಸುಬಿನ ಅರ್ಧಕ್ಕಿಂತ ಹೆಚ್ಚು ಜನರಿಗೆ ಒಂದೇ ದರ ಸಿಗುತ್ತಿದ್ದರೆ ಅದೇ ನಿಗದಿಯಾಗುತ್ತದೆ, ಇಲ್ಲವಾದರೆ ಕನಿಷ್ಠ ಶೇ. 30ರಷ್ಟು ಜನರಿಗೆ ಸಿಗುವ ದರ, ಅದೂ ಇಲ್ಲದಿದ್ದರೆ ಸರಾಸರಿ. ಈ ಶೇ. 30ರ ನಿಯಮವನ್ನು 1980ರ ದಶಕದಲ್ಲಿ ಅಧ್ಯಕ್ಷ ರೇಗನ್ ಅವರ ಆಡಳಿತ ತೆಗೆದುಹಾಕಿತ್ತು, 2023ರಲ್ಲಿ ಅದು ಮರಳಿತು. ಕಾರ್ಮಿಕ ಸಂಘದ ಒಪ್ಪಂದದಡಿ ದುಡಿಯುವವರಿಗೆಲ್ಲ ಪೈಸೆ ವ್ಯತ್ಯಾಸವಿಲ್ಲದೆ ಒಂದೇ ದರ ಇರುವುದರಿಂದ, ಅವರು ಅಲ್ಪಸಂಖ್ಯಾತರಾಗಿರುವ ಕಡೆಗಳಲ್ಲೂ ಸಂಘದ ದರವೇ ಗೆಲ್ಲುವ ಸಾಧ್ಯತೆ ಇದರಿಂದ ಹೆಚ್ಚುತ್ತದೆ. ಸಮೀಕ್ಷೆಗೆ ಉತ್ತರಿಸುವುದು ಗುತ್ತಿಗೆದಾರರ ಇಷ್ಟಕ್ಕೆ ಬಿಟ್ಟ ವಿಷಯವಾಗಿರುವುದು ಈ ವ್ಯವಸ್ಥೆಯ ದೊಡ್ಡ ದೌರ್ಬಲ್ಯ.

ಆದರೆ ದರ ಎಷ್ಟೆಂಬುದಕ್ಕಿಂತ ಅದನ್ನು ಕೊಡಿಸುವ ಬಗೆಯೇ ನನಗೆ ಮುಖ್ಯವಾಗಿ ಕಾಣುತ್ತದೆ. ಗುತ್ತಿಗೆದಾರ ಪ್ರತಿ ವಾರ ಬಟವಾಡೆ ಮಾಡಿ, ಯಾರು ಯಾವ ಕೆಲಸವನ್ನು ಎಷ್ಟು ಗಂಟೆ ಮಾಡಿದರು, ಎಷ್ಟು ಪಡೆದರು ಎಂಬ ಪಟ್ಟಿಯನ್ನು ಪ್ರಮಾಣೀಕರಿಸಿ ಸಲ್ಲಿಸಬೇಕು. ಕೊಟ್ಟ ಕೂಲಿಯಲ್ಲಿ ಪಾಲು ವಾಪಸು ಕೇಳುವುದು 1934ರ ಕೋಪ್‌ಲೆಂಡ್ ಕಾಯ್ದೆಯ ಪ್ರಕಾರ ಅಪರಾಧ. ಉಪಗುತ್ತಿಗೆದಾರ ಬಾಕಿ ಉಳಿಸಿದರೆ ಮುಖ್ಯ ಗುತ್ತಿಗೆದಾರನೇ ಹೊಣೆ. ಇಲಾಖೆ ಅವನ ಬಿಲ್ಲನ್ನು ತಡೆಹಿಡಿದು ಕೂಲಿ ತುಂಬಿಸಬಹುದು. ಇಷ್ಟಾದರೂ ಬಡಗಿಯಾಗಿ ದುಡಿದವನನ್ನು ಪಟ್ಟಿಯಲ್ಲಿ ಸಾಮಾನ್ಯ ಕೂಲಿಯಾಳು ಎಂದು ಬರೆದು ವ್ಯತ್ಯಾಸದ ಹಣ ಉಳಿಸಿಕೊಳ್ಳುವ ಚಾಳಿ ಇದೆ.

ನಮ್ಮಲ್ಲಿ ಇರುವುದು ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಮಾಡುವ ಕನಿಷ್ಠ ವೇತನ. ಪೇಟೆಯಲ್ಲಿ ಗಾರೆ ಮೇಸ್ತ್ರಿಗೆ ನಿಜವಾಗಿ ನಡೆಯುವ ದಿನಗೂಲಿ ಅನೇಕ ಕಡೆ ಅದಕ್ಕಿಂತ ಹೆಚ್ಚಿರುತ್ತದೆ. ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ನಡೆದ ಕಾಮಗಾರಿಗಳಲ್ಲಿ ದಿನಕ್ಕೆ 9.25 ರೂಪಾಯಿ ಕನಿಷ್ಠ ವೇತನದಲ್ಲಿ ಒಂದು ರೂಪಾಯಿಯನ್ನು ಜಮಾದಾರರು (ಆಳುಗಳನ್ನು ಒದಗಿಸುವ ಮಧ್ಯವರ್ತಿಗಳು) ಕಮಿಷನ್ ಎಂದು ಮುರಿದುಕೊಳ್ಳುತ್ತಿದ್ದ ಸಂಗತಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ನ್ಯಾಯಾಲಯ 1982ರಲ್ಲಿ ತೀರ್ಪಿತ್ತಿತು. ಆ ತೀರ್ಪು ಕಾಪಾಡಿದ್ದು ಕನಿಷ್ಠ ವೇತನವನ್ನು. ಪೇಟೆಯ ಕೂಲಿ ಕೊಡಬೇಕೆಂದು ಸರ್ಕಾರಿ ಗುತ್ತಿಗೆದಾರನನ್ನು ಕಟ್ಟಿಹಾಕುವ, ಡೇವಿಸ್-ಬೇಕನ್ ಮಾದರಿಯ ಕಾನೂನು ನಮ್ಮಲ್ಲಿಲ್ಲ.